ಹದಿನಾರರ ಎದುರು ಹತ್ತು

"ಹದಿನಾರು," ಎಂದಳು ಪರ್ಲಿಟಾ.

ಇಸ್ಪೀಟು ಎಲೆಗಳ ಮೊತ್ತ ಇಪ್ಪತ್ತೊಂದನ್ನು ದಾಟದೆ ಅದರ ಹತ್ತಿರ ಹೋದವರು ಗೆಲ್ಲುವ ಆಟ ಅದು. ರಾಸ್ಕೊನ ಮುಂದೆ ಒಂದು ಒಂಬತ್ತು, ಒಂದು ಏಳು. ಎಲೆ ಹಂಚುವ ಪರ್ಲಿಟಾಳ ಮುಂದೆ ತೆರೆದುಕೊಂಡಿದ್ದದ್ದು ರಾಜ, ಅಂದರೆ ಹತ್ತು. ರಾಸ್ಕೊ ಹಸಿರು ಬಟ್ಟೆಯ ಮೇಲೆ ಅಂಗೈಯನ್ನು ಅಡ್ಡಡ್ಡ ಆಡಿಸಿದ. ಇನ್ನೊಂದು ಎಲೆ ಬೇಡ.

"ಅಣ್ಣಾ, ಮತ್ತೆ ಅದೇನಾ? ಊರಿಗೆಲ್ಲ ಪಾಠ ಹೇಳ್ತೀಯ, ನಿನ್ನ ಕೈಗೆ ಹದಿನಾರು ಬಂದ್ರೆ ಕಲ್ಲಾಗಿ ಕೂತ್ಬಿಡ್ತೀಯ."

"ನೀನು ಎಲೆ ತೆಗಿಯೇ ತಾಯಿ. ಬಾಯಿಗೆ ಸಂಬಳ ಕೊಡಲ್ಲ ನಿನಗೆ."

ಅವಳು ಮಗುಚಿದ್ದ ಎಲೆಯನ್ನು ತಿರುಗಿಸಿದಳು. ಒಂಬತ್ತು. ಹತ್ತೊಂಬತ್ತಾಯಿತು. ಅವನು ಪಣಕ್ಕಿಟ್ಟಿದ್ದ ಬಿಲ್ಲೆಯನ್ನು ಸದ್ದಾಗದಂತೆ ಎತ್ತಿಕೊಂಡಳು.

ರೀನೋ ಪಟ್ಟಣದ ಆ ಹಳೆಯ ಕ್ಯಾಸಿನೊದಲ್ಲಿ ಬೆಳಗಿನ ಹತ್ತು ಗಂಟೆಯೆಂದರೆ ಕಾರ್ಪೆಟ್ ಗುಡಿಸುವ ಯಂತ್ರದ ಸದ್ದು, ಮೊಟ್ಟೆ ಕರಿಯುವ ವಾಸನೆ, ಅಲ್ಲೊಬ್ಬರು ಇಲ್ಲೊಬ್ಬರು ಪಿಂಚಣಿದಾರರು. ರಾಸ್ಕೊನ ಗಾಲಿಕುರ್ಚಿ ಹಿಡಿಯಲೆಂದು ಪರ್ಲಿಟಾ ಮೇಜಿನ ಕೊನೆಯ ಸ್ಟೂಲನ್ನು ಮೊದಲೇ ತೆಗೆಸಿದ್ದಳು. ಇನ್ನೊಂದು ಗಿಡ್ಡ ಸ್ಟೂಲಿನ ಮೇಲೆ ಮಡಿಸಿದ ಟವೆಲ್ ಹಾಸಿ, ಅವನು ಎಡಗಾಲು ಇಡಲು ಜಾಗ ಮಾಡಿದ್ದಳು. ಮೇಲ್ವಿಚಾರಕ ಒಮ್ಮೆ ಬಂದು ಆ ಪಟ್ಟಿ ಸುತ್ತಿದ ಕಾಲನ್ನು ನೋಡಿದ. ಆಮೇಲೆ ಚಾವಣಿಯಲ್ಲಿ ಏನೋ ಕಂಡವನಂತೆ ಮೇಲೆ ನೋಡುತ್ತ ಹೊರಟುಹೋದ. ಮೂವತ್ತೊಂದು ವರ್ಷ ಇದೇ ಮೇಜುಗಳ ಹಿಂದೆ ನಿಂತು ಎಲೆ ಹಂಚಿದವನು ರಾಸ್ಕೊ. ಪರ್ಲಿಟಾಗೆ ಕೆಲಸ ಕಲಿಸಿದವನೂ ಅವನೇ.

ಸಕ್ಕರೆ ಕಾಯಿಲೆ ಅವನ ಎಡಗಾಲಿನ ಎರಡು ಬೆರಳುಗಳನ್ನು ಮಾರ್ಚ್‌ನಲ್ಲೇ ತಿಂದಿತ್ತು. ಈಗ ಚರ್ಮದ ಕಪ್ಪು ಹಿಮ್ಮಡಿಯವರೆಗೆ ಏರಿತ್ತು. ಮಂಡಿಯ ಕೆಳಗೆ ಕತ್ತರಿಸಬೇಕು ಎಂದು ಡಾಕ್ಟರು ಹೇಳಿ ಮೂರು ವಾರವಾಗಿತ್ತು. ಮೂರು ವಾರವೂ ರಾಸ್ಕೊ "ನೋಡೋಣ" ಎಂದಿದ್ದ. ಇವತ್ತು ಮಧ್ಯಾಹ್ನ ಒಂದಕ್ಕೆ ಕೊನೆಯ ಮಾತು ಹೇಳಬೇಕಿತ್ತು. "ಒಂದೆರಡು ಗಂಟೆ ಪರ್ಲಿಟಾಳ ಮೇಜಿಗೆ ಕರ್ಕೊಂಡು ಹೋಗು, ಆಮೇಲೆ ನೀನು ಹೇಳಿದ ಕಡೆ ಬರ್ತೀನಿ," ಎಂದು ಹೆಂಡತಿ ವರ್ನಾಗೆ ಹೇಳಿದ್ದ. ಅವಳು ಕಾರು ತೆಗೆದಿದ್ದಳು. ಈಗ ಅವನ ಬೆನ್ನ ಹಿಂದೆ ಕೂತು, ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿಕೊಂಡಿದ್ದಳು. ತಾನು ಹೊತ್ತು ನೋಡುವುದು ಅವನಿಗೆ ಕಾಣಬಾರದೆಂದು.

ಮೇಜಿನಲ್ಲಿ ಇನ್ನೊಬ್ಬಳೇ ಇದ್ದಳು, ಐಡಾಹೊದಿಂದ ಬಂದ ಶಾಲಾ ಟೀಚರು. ಯಾವ ಕೈಗೆ ಏನು ಮಾಡಬೇಕೆಂದು ಬಣ್ಣದ ಮನೆಗಳಲ್ಲಿ ಅಚ್ಚು ಹಾಕಿದ ಪ್ಲಾಸ್ಟಿಕ್ ಚೀಟಿಯೊಂದನ್ನು ಅಂಗಡಿಯಿಂದ ಕೊಂಡು ತಂದು ಮುಂದೆ ಇಟ್ಟುಕೊಂಡಿದ್ದಳು. ಪ್ರತಿ ಕೈಗೂ ಕನ್ನಡಕ ಏರಿಸಿ ಅದರ ಮೇಲೆ ಬೆರಳೋಡಿಸುವಳು.

"ಸ್ವಲ್ಪ ತಡೀರಿ. ಎಲ್ರಿಗೂ ನನ್ನಿಂದ ತೊಂದರೆ."

"ನಿಧಾನವಾಗಿ ನೋಡಮ್ಮ," ಎಂದ ರಾಸ್ಕೊ. "ಎಲೆಗಳು ಎಲ್ಲೂ ಓಡಿಹೋಗಲ್ಲ. ಏನು ಬಂತು, ಹನ್ನೆರಡಾ? ಅವಳದ್ದು ಎರಡು. ಭಯ ಆಗುತ್ತೆ, ಆದ್ರೂ ಒಂದು ತಗೋ."

ತಗೊಂಡಳು. ಎಂಟು ಬಂತು. ಟೀಚರು ಶಾಲೆಯ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಮುಂದಿನ ಕೈಯಲ್ಲಿ ಎರಡು ಎಂಟು ಒಟ್ಟಿಗೆ ಬಂದವು. "ಜೋಡಿ ಎಂಟನ್ನ ಜೊತೇಲಿ ಇಟ್ಕೊಂಡ್ರೆ ಅದೂ ಹದಿನಾರೇ, ದರಿದ್ರ. ಬೇರೆ ಮಾಡ್ಬಿಡು," ಎಂದ ರಾಸ್ಕೊ. ಅವಳು ಬೇರೆ ಮಾಡಿದಳು. ಒಂದು ಸೋತಿತು, ಒಂದು ಗೆದ್ದಿತು. ಅವನಿಗೆ ಆ ಹೊತ್ತಿಗೆ ಕಾಲು ಮರೆತುಹೋಗಿತ್ತು. ವರ್ನಾ ಅದನ್ನು ಅವನ ಸಡಿಲಾದ ಭುಜದಲ್ಲಿ ಕಂಡಳು.

ಆಮೇಲೆ ಟೀಚರಿಗೆ ಒಂದು ಹತ್ತು, ಒಂದು ಆರು ಬಂತು. ಪರ್ಲಿಟಾಳದ್ದು ರಾಣಿ, ಮತ್ತೆ ಹತ್ತು. ಟೀಚರ ಬೆರಳು ಚೀಟಿಯ ಮೇಲೆ ಹೋಗಿ ನಿಂತಿತು.

"ಬಿಟ್ಟುಕೊಡು ಅಂತ ಬರೆದಿದೆ! ಇಷ್ಟು ದೂರ ಬಂದು ಬಿಟ್ಟುಕೊಡೋದಾ?"

"ಇದಕ್ಕಿಂತ ಕೆಟ್ಟ ಕೈ ಈ ಆಟದಲ್ಲಿ ಇಲ್ಲಮ್ಮ," ಎಂದ ರಾಸ್ಕೊ. "ಎಲೆ ತಗೊಂಡ್ರೆ ಇಪ್ಪತ್ತೊಂದು ದಾಟಿ ಒಡೆದುಹೋಗುತ್ತೆ. ಸುಮ್ನೆ ಕೂತ್ರೆ ಅವಳು ಗೆಲ್ತಾಳೆ. ಏನೇ ಮಾಡು, ನಾಲ್ಕರಲ್ಲಿ ಮೂರು ಸಲ ಸೋಲೇ. ಬಿಟ್ಟುಕೊಟ್ರೆ ಅರ್ಧ ಹೋಗುತ್ತೆ, ಅರ್ಧ ನಿನ್ನ ಜೊತೆ ಮನೆಗೆ ಬರುತ್ತೆ."

"ಒಂದು ಎಲೆ ತಗೊಂಡು ನೋಡಿ, ಆಮೇಲೆ ಬಿಟ್ಟುಕೊಟ್ರೆ?"

"ಆಗಲ್ಲ. ಮೊದಲನೇ ಮಾತೇ ಅದಾಗಿರ್ಬೇಕು. ಎಲೆ ಬಿದ್ಮೇಲೆ ಪರ್ಲಿಟಾ ಕೇಳಿಸ್ಕೊಳ್ಳಲ್ಲ. ಬರೀ ಬಾಯಲ್ಲಿ ಹೇಳಿದ್ರೂ ಸಾಲದು. ಮೇಲೆ ಕ್ಯಾಮೆರಾ ಇದೆ ನೋಡು, ಅದಕ್ಕೆ ಕಿವಿ ಇಲ್ಲ. ಬಿಲ್ಲೆಯ ಹಿಂದೆ ಬೆರಳಲ್ಲಿ ಒಂದು ಗೆರೆ ಎಳಿ. ಈ ಕಡೆಯಿಂದ ಆ ಕಡೆಗೆ. ಹಾಂ, ಹಾಗೆ."

ಟೀಚರು ತೋರುಬೆರಳಿನಿಂದ ಹಸಿರು ಬಟ್ಟೆಯ ಮೇಲೆ ನೆಟ್ಟಗೆ ಗೆರೆ ಎಳೆದಳು, ಕರಿಹಲಗೆಯ ಮೇಲೆ ಎಳೆಯುವ ಹಾಗೆ. ಪರ್ಲಿಟಾ ಅರ್ಧ ತೆಗೆದುಕೊಂಡು ಅರ್ಧ ಬಿಟ್ಟಳು.

"ನೋವೇ ಆಗ್ಲಿಲ್ಲ," ಎಂದು ನಕ್ಕ ಟೀಚರು ಅವನ ಕಡೆ ತಿರುಗಿದಳು. "ಆಗ್ಲೇ ನಿಮಗೂ ಇದೇ ಕೈ ಬಂದಿತ್ತಲ್ಲ. ನೀವ್ಯಾಕೆ ಬಿಟ್ಟುಕೊಡ್ಲಿಲ್ಲ?"

ಪರ್ಲಿಟಾಳ ಕೈಗಳು ಒಂದು ಕ್ಷಣ ನಿಂತವು.

"ಮೂವತ್ತೊಂದು ವರ್ಷ ಆ ಕಡೆ ನಿಂತಿದ್ದೆ," ಎಂದ ರಾಸ್ಕೊ. "ಅಲ್ಲಿ ನಿಂತೋನಿಗೆ ಯೋಚನೆ ಮಾಡೋ ಕೆಲಸ ಇಲ್ಲ. ಹದಿನೇಳಾದ್ರೆ ನಿಲ್ಲಲೇಬೇಕು, ಹದಿನಾರಾದ್ರೆ ಎಳೀಲೇಬೇಕು. ಎಷ್ಟು ಸಾವಿರ ಹದಿನಾರು ನನ್ನ ಕೈಯಲ್ಲೇ ಒಡೀತೋ ಲೆಕ್ಕ ಇಲ್ಲ. ಅದನ್ನ ನೋಡಿ ನೋಡಿ ಈಗ ಎಲೆ ಕೇಳೋಕೆ ಕೈ ಬರಲ್ಲ."

"ಎಲೆ ಕೇಳೋದಲ್ಲ, ಬಿಟ್ಟುಕೊಡೋದು ಕೇಳ್ದೆ ನಾನು." ಪಾಠ ಹೇಳುವವರು ಅರ್ಧ ಉತ್ತರಕ್ಕೆ ಒಪ್ಪುವುದಿಲ್ಲ.

ರಾಸ್ಕೊ ಬಿಲ್ಲೆಯೊಂದನ್ನು ಬೆರಳುಗಳ ನಡುವೆ ಉರುಳಿಸಿದ. "ಆ ಕಡೆ ಅದು ಇಲ್ಲವೇ ಇಲ್ಲಮ್ಮ. ಬಿಟ್ಟುಕೊಡೋದು ಆಡೋಕೆ ಬಂದೋರಿಗೆ. ಹಂಚೋರಿಗೆ ಆ ಗೆರೆ ಇಲ್ಲ."

ಪರ್ಲಿಟಾ ಎಲೆಗಳನ್ನು ಒಟ್ಟುಮಾಡುತ್ತಿದ್ದಳು. ಅವನ ಮುಖ ನೋಡದೆ ಹೇಳಿದಳು: "ಈಗ ನೀನು ಈ ಕಡೆ ಕೂತಿದೀಯಲ್ಲ, ಅಣ್ಣಾ."

ಗುಡಿಸುವ ಯಂತ್ರ ದೂರ ಹೋಗಿತ್ತು. ಅವಳು ಇನ್ನೂ ನಾಲ್ಕು ಕೈ ಹಂಚಿದಳು, ಬೇಕೆಂದೇ ನಿಧಾನವಾಗಿ. ಹದಿನಾರು ಮತ್ತೆ ಬರಲಿಲ್ಲ.

"ರಾಸ್ಕೊ," ಎಂದಳು ವರ್ನಾ. ಅಷ್ಟೇ.

ಅವನು ಉಳಿದ ಬಿಲ್ಲೆಗಳನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಮೇಜಿನ ಮೇಲೆ ಎರಡೂ ಅಂಗೈಗಳನ್ನು ಒಮ್ಮೆ ತಟ್ಟಿ ತಿರುಗಿಸಿ ತೋರಿಸಿದ. ಹಂಚುವವರು ಪಾಳಿ ಮುಗಿಸಿ ಮೇಜು ಬಿಡುವಾಗ ಕೈಯಲ್ಲಿ ಏನೂ ಅಡಗಿಸಿಲ್ಲವೆಂದು ಹೀಗೆ ತೋರಿಸಬೇಕು. ಆಡಲು ಬಂದವರು ತೋರಿಸಬೇಕಾಗಿಲ್ಲ. ಪರ್ಲಿಟಾ ತಾನೂ ಅಂಗೈ ತಟ್ಟಿ ತಿರುಗಿಸಿದಳು. ಟೀಚರು ಎದ್ದು, ಗಾಲಿಗೆ ಅಡ್ಡವಾಗಿದ್ದ ತನ್ನ ಸ್ಟೂಲನ್ನು ಪಕ್ಕಕ್ಕೆ ಎಳೆದಳು.

ಒಂದು ಗಂಟೆಗೆ ಆಸ್ಪತ್ರೆಯಲ್ಲಿ ಅವರಿಗೆ ಎದುರಾದ ಡಾಕ್ಟರ್ ಇನೂಯೆ ಸಣ್ಣ ಮೈಕಟ್ಟಿನ ಹೆಂಗಸು. ಪಟ್ಟಿ ಬಿಚ್ಚುವ ಮೊದಲು ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವ ಅಭ್ಯಾಸ ಅವಳಿಗಿತ್ತು. ಬಿಚ್ಚಿ ನೋಡಿದಳು. ಬಹಳ ಹೊತ್ತು ನೋಡಲಿಲ್ಲ.

"ಇನ್ನೊಂದು ವಾರ ಕಾಯ್ತೀನಿ ಅಂತ ಹೇಳ್ಬೇಡಿ ರಾಸ್ಕೊ."

"ಒಂದು ಮಾತು ಕೇಳ್ತೀನಿ ಡಾಕ್ಟ್ರೇ. ಇಂಥಾ ಕಾಲು ಇಟ್ಕೊಂಡು ಹತ್ತು ಜನ ಬಂದ್ರೆ, ಹತ್ತೂ ಜನ ಕಾಯ್ತೀನಿ ಅಂದ್ರೆ, ಎಷ್ಟು ಜನಕ್ಕೆ ಪಾದ ಉಳಿಯುತ್ತೆ?"

ಅವಳು ಯೋಚಿಸಿದಳು. ಸುಲಭದ ಮಾತು ಹುಡುಕುವ ಹಾಗೆ ಕಾಣಲಿಲ್ಲ. "ಒಬ್ಬರಿಗೆ. ಇಬ್ಬರು ಅನ್ನೋಕೆ ನನಗೆ ಧೈರ್ಯ ಇಲ್ಲ."

"ಮಂಡಿ?"

"ಈ ಗುರುವಾರ ಮಾಡಿದ್ರೆ ಮಂಡಿ ನಿಮ್ಮದೇ. ಮಂಡಿ ಇದ್ರೆ ಹೊಸ ಕಾಲು ಹಾಕ್ಕೊಂಡು ನಡೀತೀರ. ಮುಂದಿನ ವಾರ ಬಂದ್ರೆ ಆ ಮಾತು ನಾನು ಹೇಳಲಾರೆ."

ರಾಸ್ಕೊ ಕಿಟಕಿಯ ಕಡೆ ನೋಡಿದ. ಹೊರಗೆ ಕಾರು ನಿಲ್ಲಿಸುವ ಜಾಗ, ಅದರಾಚೆ ಬೋಳು ಬೆಟ್ಟ. ವರ್ನಾ ಈಗ ಗಡಿಯಾರ ನೋಡಲಿಲ್ಲ. ಕೈಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಅವನು ಪ್ಯಾಂಟನ್ನು ಮೇಲಕ್ಕೆ ಸರಿಸಿದ. ತೋರುಬೆರಳನ್ನು ಮಂಡಿಯ ಕೆಳಗೆ, ಎಲುಬಿನ ಎಡಗಡೆ ಇಟ್ಟು, ನಿಧಾನವಾಗಿ ಬಲಗಡೆಗೆ ನೆಟ್ಟಗೆ ಎಳೆದ.

"ಅಲ್ಲಿ ನೋವಿದೆಯಾ?" ಎಂದು ಡಾಕ್ಟರು ಬಾಗಿದಳು.

"ಇಲ್ಲ," ಎಂದಳು ವರ್ನಾ. "ಅವನು ಹೇಳಿ ಆಯ್ತು, ಡಾಕ್ಟ್ರೇ."

ಡಾಕ್ಟರು ಒಮ್ಮೆ ಅವಳನ್ನು ನೋಡಿದಳು, ಒಮ್ಮೆ ಅವನ ಬೆರಳನ್ನು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು, ಜೇಬಿನಿಂದ ನೇರಳೆ ಬಣ್ಣದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದಳು.

"ಅಷ್ಟು ಮೇಲೆ ಬೇಡ," ಎಂದು ಹೇಳಿ, ಅವನ ಬೆರಳಿಗಿಂತ ಒಂದು ಅಂಗೈಯಷ್ಟು ಕೆಳಗೆ ಗೆರೆ ಎಳೆದಳು.