ಮಾಫಿ ಬೇಡದ ಕೋಟು

ದಾವಲಬಿ ಹಂಡೆಯೊಳಗೆ ಮೊಣಕೈ ಅದ್ದಿ ತಟ್ಟನೆ ಹೊರತೆಗೆದಳು.

"ಇನ್ನೊಂದ ಕೊಡ ತಣ್ಣೀರ ಸುರುವು, ಅಮೀನಾ. ಭಾಳ ಸುಡಾಕತ್ತೈತಿ."

"ಅಕ್ಕಾ, ಭಾವಗ ಇನ್ನ ಏನ್ ಗೊತ್ತಾಗತೈತಿ?"

"ಅವರಿಗೆ ಗೊತ್ತಾಗೂದಿಲ್ಲ, ನನಗ ಗೊತ್ತಾಗತೈತಿ. ಸುರುವು."

ತಮ್ಮ ಅಮೀನಸಾಬ ಬೋರೆ ಎಲೆ ತೇಲುತ್ತಿದ್ದ ನೀರಿಗೆ ಮತ್ತೊಂದು ಕೊಡ ಸುರಿದ. ಗಂಡಸರು ಹಂಡೆ ಎತ್ತಿಕೊಂಡು ಪರದೆಯ ಆಚೆ ಹೋದರು. ನಲವತ್ತು ವರ್ಷ ಹುಬ್ಬಳ್ಳಿಯ ದೊಡ್ಡವರ ಉಣ್ಣೆ ಕೋಟುಗಳನ್ನು ತೊಳೆದ ಅವಳ ಗಂಡ ಗುಲಾಬಸಾಬ, ಈಗ ಹೆಣವಾಗಿ, ತಾನೇ ತೊಳೆಸಿಕೊಳ್ಳಲು ಹಲಗೆಯ ಮೇಲೆ ಮಲಗಿದ್ದ.

ಅಂಗಳದಲ್ಲಿ ಹತ್ತಿ ವ್ಯಾಪಾರಿ ಫಕೀರಪ್ಪ ತನ್ನ ಕರಿ ಕೋಟಿನ ತೋಳು ಸವರುತ್ತ ಕುಳಿತಿದ್ದ.

"ನನ್ನ ಮದವಿ ಕೋಟ್ರಿ ಇದು. ಇಪ್ಪತ್ತೆರಡ ವರ್ಷ ಆತು, ಹೊಸಾದರ ಗತೆ ಐತಿ. ಎಲ್ಲಾ ಗುಲಾಬಸಾಬರ ಕೈಗುಣ."

ನಾಲ್ಕು ತಿಂಗಳಿಂದ ಆ ಕೋಟನ್ನು ಅವನು ಬೇರೆಯವರ ಹತ್ತಿರ ತೊಳೆಸುತ್ತಿದ್ದ. ಅದನ್ನು ಸತ್ತವರ ಮನೆಯಲ್ಲಿ ಯಾಕೆ ಹೇಳಿಯಾನು?

ಮೈ ತೊಳೆದು, ಕಫನದ ಬಟ್ಟೆ ಹೊದಿಸಿ, ಜನಾಜಾದ ಮಂಚ ತಂದು ಅಂಗಳದಲ್ಲಿಟ್ಟರು. ಅಮೀನಸಾಬ ರೂಢಿಯಂತೆ ಎಲ್ಲರ ಮುಂದೆ ಕೈ ಮುಗಿದು ನಿಂತ.

"ನಮ್ಮ ಭಾವನಿಂದ ಯಾರಿಗರ ತಪ್ಪಾಗಿದ್ದರ ಮಾಫ ಮಾಡ್ರಿ."

"ಮಾಡೇವಿ, ಮಾಡೇವಿ" ಎಂದರು ಎಲ್ಲರೂ.

"ತಪ್ಪಂದ್ರ ಆ ಫೌಜದಾರ್ರ ಕೋಟ ಕೆಡಿಸಿದ್ದೊಂದ" ಎಂದ ಫಕೀರಪ್ಪ. "ವಯಸ್ಸಾಗಿತ್ತು, ಕೈ ತಪ್ಪಿತು. ಪಾಪ, ಅದನ್ನೂ ಮಾಫ ಮಾಡಿಬಿಡೂಣ್ರಿ."

ಗೋಡೆಗೆ ಒರಗಿ ನಿಂತಿದ್ದ, ಪೊಲೀಸ್ ಫೌಜದಾರನ ಪ್ಯಾದೆ ಚನ್ನಯ್ಯ ನೆಲ ನೋಡಿದ. ಅವನದೂ ಅದೇ ಓಣಿ. ಅಮೀನಸಾಬ ಅವನನ್ನು ನೋಡಿದ, ಆಮೇಲೆ ಹೊಸ್ತಿಲೊಳಗೆ ನಿಂತ ಅಕ್ಕನನ್ನು ನೋಡಿ, ಸುಮ್ಮನಿರು ಎಂದು ಕಣ್ಣಿನಲ್ಲೇ ಬೇಡಿಕೊಂಡ.

*

ನಾಲ್ಕು ತಿಂಗಳ ಹಿಂದೆ, ನಲವತ್ತೆರಡರ ಆಗಸ್ಟ್. ಜಿಟಿಜಿಟಿ ಮಳೆ. ಆ ಕೋಟು ತಂದವನು ಇದೇ ಚನ್ನಯ್ಯ.

"ಚಾಚಾ, ಲಗೂ ತೊಳದಕೊಡ್ರಿ. ನಾಳೆ ಮುಂಜಾನಿ ದೊಡ್ಡ ಸಾಹೇಬ್ರು ವಿಚಾರಣಿಗೆ ಬರತಾರ. ಚಲೇಜಾವ್ ಮೆರವಣಿಗ್ಯಾಗ ಯಾರನ್ನೂ ಮುಟ್ಟಿಲ್ಲಂತ ನಮ್ಮ ಫೌಜದಾರ್ರು ಬರದ ಕೊಟ್ಟಾರ."

ಬಲದೋಳು ಮೊಣಕೈವರೆಗೆ ಕಪ್ಪಾಗಿತ್ತು.

"ಯಾರದಪಾ ಈ ರಕ್ತ?"

ಚನ್ನಯ್ಯ ದನಿ ತಗ್ಗಿಸಿದ. "ಕಾಯಿಪಲ್ಲೆ ಮಾರೂ ಉಡಚವ್ವಂದು. ಹಣಿ ಒಡೀತ್ರಿ."

ಅವನು ಹೋದ ಮೇಲೆ ಗುಲಾಬಸಾಬ ತೋಳಿನ ಅಂಚನ್ನು ತಣ್ಣೀರಿನಲ್ಲಿ ಅದ್ದಿ ನೋಡಿದ. ಕಲೆ ಬಿಡತೊಡಗಿತು. ಅಂಟವಾಳದ ನೊರೆಯಲ್ಲಿ ಎರಡು ಸಲ ಅದುಮಿ, ಹಿಂಡದೆ ನೀರು ಇಳಿಸಿ, ನೆರಳಲ್ಲಿ ಹೊರಸಿನ ಮೇಲೆ ಹರವಿದ್ದರೆ ಮುಗಿಯುತ್ತಿತ್ತು. ಬಿಸಿನೀರು ತಾಗಿದರೆ ಉಣ್ಣೆ ಮುದುಡುತ್ತದೆ, ರಕ್ತ ಅಲ್ಲೇ ಬೇರೂರಿ ಕೂರುತ್ತದೆ. ಇದನ್ನು ಅವನು ಹೆಂಡತಿಗೆ ಮದುವೆಯಾದ ವಾರದಲ್ಲೇ ಕಲಿಸಿದ್ದ.

"ಒಲಿ ಮ್ಯಾಲಿನ ನೀರ ತಾ" ಎಂದ.

"ಚಾಕ್ಕ ಇಟ್ಟೇನಿ. ಕುದಿಯಾಕತ್ತೈತಿ."

"ಕುದಿಯೂದ ಬೇಕು."

ದಾವಲಬಿ ಅವನ ಕೈ ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡು ನೀರು ಸುರಿದ. ಕಲೆ ಕಂದಾಗಿ ಕೂತಿತು, ತೋಳು ಮುದುಡಿ ಗಿಡ್ಡವಾಯಿತು.

"ಛಲೋ ಉಣ್ಣಿ ಇತ್ತು, ಪಾಪ" ಎಂದು ಕಣ್ಣೊರೆಸಿಕೊಂಡ.

ಮರುದಿನ ಫೌಜದಾರ ಓಣಿಯ ಜನರೆದುರು ಆ ಕೋಟನ್ನು ಅವನ ಮುಖಕ್ಕೆ ಎಸೆದ. "ವಯಸ್ಸಾತ್ರಿ, ಕೈ ತಪ್ಪಿತು" ಎಂದು ಗುಲಾಬಸಾಬ ತಾನೇ ಹೇಳಿದ. ಅಮೀನಸಾಬನ ರೈಲ್ವೆ ಕೆಲಸ ಉಳಿಯಬೇಕಿತ್ತು. ಅಂದಿನಿಂದ ಅವನು ಕೈ ತಪ್ಪಿದ ಮುದುಕನಾದ. ಕೋಟುಗಳು ಬರುವುದು ನಿಂತಿತು. ಆ ಮಾತು ಅವನನ್ನು ಒಳಗೊಳಗೇ ತಿಂದಿತು. ಅದನ್ನು ಕಂಡವಳು ದಾವಲಬಿ ಒಬ್ಬಳೇ.

*

ಅವಳು ಹೊಸ್ತಿಲು ದಾಟಿ ಹೊರಗೆ ಬಂದಳು. ಕೈಯಲ್ಲಿ ಫೌಜದಾರ ಎಸೆದುಹೋದ ಆ ಕೋಟಿತ್ತು.

"ಇದನ್ನ ಮಾಫ ಮಾಡಬ್ಯಾಡ್ರಿ."

"ಅಕ್ಕಾ, ನಿನ್ನ ಕಾಲಿಗೆ ಬೀಳತೇನಿ, ಸುಮ್ನಿರ."

"ನಾಕ ತಿಂಗಳ ಸುಮ್ನಿದ್ದೆ. ಇವತ್ತ ಇವರನ್ನ ಮಣ್ಣಾಗ ಇಡಾಕತ್ತೀರಿ. ಈ ಸುಳ್ಳನ್ನೂ ಜೋಡಿ ಇಡಬ್ಯಾಡ್ರಿ." ಅವಳು ಕೋಟಿನ ಕಂದು ತೋಳನ್ನು ಎತ್ತಿ ಹಿಡಿದಳು. "ಇವರ ಕೈ ತಪ್ಪಿಲ್ಲ. ಬೇಕಂತ ಸುಡುನೀರ ಹಾಕ್ಯಾರ, ಕಲಿ ಹೋಗಬಾರದಂತ. ತೊಳದ ಕೊಟ್ಟಿದ್ದರ ಅದು ತಪ್ಪಾಗತಿತ್ತು. ಆವಾಗ ನಾನ ಮಾಫಿ ಕೇಳತಿದ್ದೆ."

ಫಕೀರಪ್ಪನ ಬೆರಳು ತನ್ನ ಕೋಟಿನ ತೋಳಿನ ಮೇಲೆ ಹಾಗೇ ನಿಂತಿತು. ಹೆಂಗಸರ ನಡುವಿನಿಂದ ಉಡಚವ್ವ ಎದ್ದು ಬಂದು, ದಾವಲಬಿಯ ಪಕ್ಕದಲ್ಲಿ ನಿಂತು, ಹಣೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿದಳು. ಹುಬ್ಬಿನಿಂದ ಬೈತಲೆಯವರೆಗೆ ಗಾಯದ ಗುರುತಿತ್ತು.

"ಹೋಗಿ ಫೌಜದಾರ್ರಿಗೆ ಹೇಳ್ರಿ, ಚನ್ನಯ್ಯನವರ" ಎಂದಳು ದಾವಲಬಿ. "ದಾವಲಬಿ ಹೇಳ್ಯಾಳಂತ ಹೆಸರ ಹಿಡದ ಹೇಳ್ರಿ."



ಗುಲಾಬಸಾಬ ಉಣ್ಣೆಯನ್ನು ಎಂದೂ ಬಿಸಿಲಿಗೆ ಹಾಕಿದವನಲ್ಲ, ನೇತುಹಾಕಿದವನಂತೂ ಅಲ್ಲವೇ ಅಲ್ಲ. ದಾವಲಬಿ ಅಂಗಳದ ಬಾಗಿಲಿನ ಗೂಟಕ್ಕೆ, ನಡುಹಗಲಿನ ಬಿಸಿಲಿನಲ್ಲಿ, ಕಲೆ ಓಣಿಗೆ ಕಾಣುವಂತೆ ಕೋಟನ್ನು ನೇತುಹಾಕಿದಳು.

ಜನಾಜಾ ಎದ್ದಿತು. ಬಾಗಿಲು ಬರುವಷ್ಟರಲ್ಲಿ ಚನ್ನಯ್ಯ ತಲೆಯ ಮೇಲಿನ ಸರಕಾರಿ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬಲಗಡೆ ಬಂದು ಹೆಗಲು ಕೊಟ್ಟ. ಇಕ್ಕಟ್ಟಾದ ಬಾಗಿಲಲ್ಲಿ ಕೋಟಿನ ಗಿಡ್ಡ ತೋಳು ಅವನ ಕೆನ್ನೆಗೆ ತಾಗಿತು. ಸರಿಸಲು ಅವನ ಒಂದು ಕೈ ಖಾಲಿಯೇ ಇತ್ತು. ಅವನು ಆ ತೋಳನ್ನು ಸರಿಸಲಿಲ್ಲ.