ದಾವೂದಸಾಬರು ಕಾಯ್ದಿಟ್ಟ ಮೈಕು

ದುಮ್ಮವಾಡದ ಸುಭಾಸನ ಗಂಟಲು ಕೆಟ್ಟ ಸುದ್ದಿ ಸುತ್ತಲಿನ ಹಳ್ಳಿಗಳಿಗೆ ಮುಟ್ಟಲು ಎರಡು ದಿನವೂ ಹಿಡಿಯಲಿಲ್ಲ. ಕಲಘಟಗಿ ದಾವೂದಸಾಬರ ಬ್ಯಾಂಜೋ ಪಾರ್ಟಿಯಲ್ಲಿ ಏಳು ವರ್ಷ ಹಾಡಿದವನು. ಆ ಕಡೆ ಅವನ ಹಾಡಿಲ್ಲದೆ ತಾಳಿ ಕಟ್ಟಿಸಿಕೊಂಡ ಹೆಣ್ಣುಮಕ್ಕಳನ್ನು ಹುಡುಕಿಯೇ ತೆಗೆಯಬೇಕು. ಹೋದ ವರ್ಷದ ಹಿಂದಿನ ವರ್ಷ ಲಗ್ನದ ಹಂಗಾಮಿನಲ್ಲಿ ಒಂದು ದಿನವೂ ಬಿಡುವಿಲ್ಲದೆ ಹಾಡಿ, ಕಡೆಗೆ ಅವನ ದನಿ ಹರಕು ಚೀಲದಿಂದ ಜೋಳ ಸೋರಿದ ಹಾಗೆ ಸೋರತೊಡಗಿತು. ಹುಬ್ಬಳ್ಳಿಯ ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ನೋಡಿ, ಎರಡು ಗಂಟು ಎದ್ದಿವೆ ಎಂದು ಕೊಯ್ದು ತೆಗೆದರು. ಒಂದೂವರೆ ತಿಂಗಳು ಮಾತೇ ಬೇಡ, ಹಾಡುವುದನ್ನಂತೂ ಒಂದು ವರ್ಷ ಮರೆತುಬಿಡು, ಆಮೇಲೆ ದನಿ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂದರು.

ಮಾತು ಬಿಟ್ಟ ಸುಭಾಸನಿಗೆ ಊರಿನಲ್ಲಿ ಬೇಡಿಕೆ ಹೆಚ್ಚಿತು. ತಿರುಗಿ ಮಾತಾಡದವನ ಮುಂದೆ ಮನಸ್ಸು ಬಿಚ್ಚುವುದು ಎಷ್ಟು ಹಗುರ ಎಂದು ಜನರಿಗೆ ಗೊತ್ತಾಗಿಬಿಟ್ಟಿತು. ಬೆಳಿಗ್ಗೆ ಒಬ್ಬರು ಬಂದು ಭಾವನ ಮೇಲೆ ದೂರು ಹೇಳಿ ಹೋದರೆ, ಮಧ್ಯಾಹ್ನ ಆ ಭಾವನೇ ಬಂದು ಕೂತು ಚಹಾ ಕುಡಿದು ತನ್ನ ಕಡೆಯದನ್ನು ಹೇಳಿ ಹೋಗುತ್ತಿದ್ದ. ತಾಯಿ ಕಸ್ತೂರೆವ್ವ ಮಾತ್ರ ಖುಷಿಯಾಗಿದ್ದಳು.

"ಇಪ್ಪತ್ತೊಂಬತ್ತ ವರ್ಷದಾಗ ಮೊದಲನೇ ಸಲ ನನ್ನ ಮಾತಿಗೆ ಎದುರು ಮಾತು ಬಂದಿಲ್ಲ ನೋಡ್ರಿ," ಎಂದು ಬಂದವರಿಗೆಲ್ಲ ಹೇಳಿದಳು. "ಹಿಂಗ ಇದ್ರ ಕನ್ಯಾ ಸುದ್ದಾ ಲಗೂನ ಸಿಗ್ತಾಳ."

ದಾವೂದಸಾಬರು ಬಂದದ್ದು ಆಪರೇಶನ್ನಿನ ನಾಲ್ಕನೆಯ ದಿನ. ಅರವತ್ತೈದು ದಾಟಿದ ಮನುಷ್ಯ, ಬಿಳಿ ಮೀಸೆ, ಹೆಗಲ ಮೇಲೆ ಸದಾ ಒಂದು ಟವೆಲ್ಲು. ಬಸ್ಸಿಗೆ ಬಂದು, ಬಿಸಿಲಲ್ಲಿ ನಡೆದು, ಹಾಸಿಗೆಯ ಬಾಜು ಕೂತು ಸ್ವಲ್ಪ ಹೊತ್ತು ದಣಿವಾರಿಸಿಕೊಂಡರು.

"ಸುಭಾಸ, ನೀ ಏನೂ ಕಾಳಜಿ ಮಾಡಬ್ಯಾಡ. ನಿನ್ನ ಮೈಕ ನಿನಗ ಇರ್ತೈತಿ. ಬ್ಯಾರೆ ಯಾರಿಗೂ ಮುಟ್ಟಗೊಡೂದಿಲ್ಲ ನಾ."

ಹಾಗೆಂದವರು ಹಾಗೇ ನಡೆದುಕೊಂಡರು. ಲಗ್ನ ಎಲ್ಲೇ ಇರಲಿ, ವೇದಿಕೆಯ ಬಾಜು ಪಾರ್ಟಿಯ ಸಾಮಾನು ಇಳಿದ ಕೂಡಲೇ ಎಲ್ಲಕ್ಕಿಂತ ಮುಂದೆ ಸುಭಾಸನ ಮೈಕು ನಿಲ್ಲಿಸಿ, ಅದರ ಕೊರಳಿಗೆ ಒಂದು ಕೆಂಪು ಕರವಸ್ತ್ರ ಕಟ್ಟುತ್ತಿದ್ದರು. ಅದರ ಹಿಂದೆ ಯಾರೂ ಇರುತ್ತಿರಲಿಲ್ಲ. "ಹಾಡವ್ರು ಎಲ್ರಿ ಸಾಬ್ರ?" ಎಂದು ಯಾರಾದರೂ ಕೇಳಿದರೆ, "ಬರಾಕತ್ತಾರ," ಎನ್ನುತ್ತಿದ್ದರು. ಒಂದು ವರ್ಷ ಪೂರ್ತಿ ಅದನ್ನೇ ಹೇಳಿದರು.

ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದು ಎರಡು ತಿಂಗಳ ಮೇಲೆ ಸುಭಾಸ ಕಲಘಟಗಿಗೆ ಹೋಗಿ ಪಾರ್ಟಿಯ ಸಾಮಾನಿನ ಖೋಲಿಯಲ್ಲಿ ಕೂರತೊಡಗಿದ. ಅಲ್ಲಿ ಹಿಂದೆ ಯಾರೋ ಬಿಟ್ಟುಹೋದ ಒಂದು ಕರೆಂಟಿನ ಗಿಟಾರು ಧೂಳು ತಿನ್ನುತ್ತಿತ್ತು. ಫೋನಿನಲ್ಲಿ ನೋಡಿ ನೋಡಿ ಅದರ ತಂತಿ ಬಿಗಿದುಕೊಂಡು, ಬೆರಳು ಒಡೆಸಿಕೊಂಡು, ನಾಲ್ಕು ಸ್ವರ ಹಿಡಿಯುವುದು ಕಲಿತ. ನಾಲ್ಕೇ ಸ್ವರ. ಅದನ್ನೇ ಹಿಂದೆ ಮುಂದೆ ಮಾಡುತ್ತ ಕೂರುವನು.

ದಾವೂದಸಾಬರ ಮಗ ಸಾಧಿಕ್ ಪಾರ್ಟಿಯ ಬ್ಯಾಂಜೋದವನು. ಮೊಳಕೈಯುದ್ದದ ಪೆಟ್ಟಿಗೆ, ಎಡಗೈಗೆ ಟೈಪರೈಟರಿನಂಥ ಗುಂಡಿಗಳು, ಬಲಗೈಗೆ ತಂತಿಗಳು. ಅದರ ಚೂಪು ದನಿ ಮೆರವಣಿಗೆಯಲ್ಲಿ ಎರಡು ಓಣಿ ಆಚೆಗೂ ಕೇಳುತ್ತದೆ. ಒಂದು ದಿನ ಸಾಧಿಕ್ ಸುಮ್ಮನೆ ಕೂತಿರಲಾರದೆ, ಸುಭಾಸನ ದನಿಗೆಂದೇ ತಂದಿದ್ದ ಎಕೋ ಮಷೀನಿಗೆ ಬ್ಯಾಂಜೋದ ವೈರು ಚುಚ್ಚಿದ. ಒಂದು ತಂತಿ ಮೀಟಿದ. ಅದು ಹೋಗಿ, ತಿರುಗಿ ಬಂದು, ಮತ್ತೆ ಹೋಗಿ, ಖೋಲಿಯ ತಗಡಿನ ಮಾಡಿನ ಕೆಳಗೆ ತೇಲಾಡಿತು. ಬ್ಯಾಂಜೋ ಅಂದರೆ ಚೀರುವುದು ಎಂದೇ ತಿಳಿದಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಇನ್ನೊಮ್ಮೆ," ಎಂದ ಸುಭಾಸ, ಪಿಸುದನಿಯಲ್ಲಿ.

"ಏನ ಇನ್ನೊಮ್ಮೆ? ಇದು ಯಾವ ಹಾಡಿಂದೂ ಅಲ್ಲಲೇ."

"ಅದಕ್ಕ. ಇನ್ನೊಮ್ಮೆ."

ಡ್ರಮ್ಮಿಗೆ ಬಂದವಳು ಸುಮಂಗಲಾ. ಮಿಶ್ರಿಕೋಟಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ, ಗಣಿತ. ತಾನು ಓದುವಾಗ ಶಾಲೆಯ ಬ್ಯಾಂಡಿನಲ್ಲಿ ಐದು ವರ್ಷ ಡ್ರಮ್ಮು ಬಾರಿಸಿ, ಸ್ವಾತಂತ್ರ್ಯ ದಿನಾಚರಣೆಯಲ್ಲಿ ತಹಸೀಲ್ದಾರರಿಂದಲೂ ಹೆಜ್ಜೆ ಹಾಕಿಸಿದವಳು. ಶಾಲೆಯ ಡ್ರಮ್ಮಿನ ಚರ್ಮ ಹರಿದು ರಿಪೇರಿಗೆ ದಾವೂದಸಾಬರ ಖೋಲಿಗೆ ತಂದಾಗ ಇವರಿಬ್ಬರ ಬಾರಿಸಾಟ ಕೇಳಿ ಬಾಗಿಲಲ್ಲೇ ನಿಂತಳು.

"ಇದು ಎಲ್ಲಿ ಹೋಗಿ ಮುಟ್ತೈತ್ರಿ?"

"ಗೊತ್ತಿಲ್ರಿ ಟೀಚರ್," ಎಂದ ಸಾಧಿಕ್. "ಹೊಂಟೇವಿ ಅಷ್ಟ."

"ಹಂಗಿದ್ರ ಯಾರರ ಲೆಕ್ಕಾ ಹಿಡೀಬೇಕಲ್ಲ," ಎಂದು ಅಲ್ಲೇ ಇದ್ದ ಸ್ಟೂಲು ಎಳೆದುಕೊಂಡು ಕೂತಳು.

ಹೀಗೆ ಮೂವರಾದರು. ದುಮ್ಮವಾಡದ ಏರಿನಲ್ಲಿ ಹುಬ್ಬಳ್ಳಿ ಬಸ್ಸು ತುಂಬಿಕೊಂಡು ಹತ್ತುವುದನ್ನು ಸುಭಾಸ ಹಾಸಿಗೆಯ ಮೇಲೆ ಮಲಗಿ ದಿನಾ ಕೇಳಿದ್ದ. ಮೊದಲು ಗುರ್ರೆನ್ನುತ್ತದೆ, ಆಮೇಲೆ ಏದುಸಿರು, ಇನ್ನೇನು ನಿಂತೇ ಬಿಟ್ಟಿತು ಅನ್ನುವಾಗ ಡ್ರೈವರ್ ಥರ್ಡ್ ಗೇರು ಹಾಕುತ್ತಾನೆ, ಏರು ಮುಗಿದು ಬಸ್ಸು ಹಾರಿಕೊಂಡು ಹೋಗುತ್ತದೆ. ಅದನ್ನು ಹಾಗೇ ನುಡಿಸಿದರು. ಹನ್ನೊಂದು ನಿಮಿಷದ ಬಾರಿಸಾಟ, ಮಾತಿಲ್ಲ, ಹಾಡಿಲ್ಲ. ಸಣ್ಣಗೆ ಶುರುವಾಗಿ ಬೆಳೆಯುತ್ತ ಬೆಳೆಯುತ್ತ ಕಡೆಗೆ ತಗಡು ಅದುರುತ್ತದೆ. ತಂಡದ ಹೆಸರೂ ಅದರಿಂದಲೇ ಬಂತು, ಥರ್ಡ್ ಗೇರ್.

ದಾವೂದಸಾಬರು ಒಂದು ಸಲ ಪೂರ್ತಿ ಕೇಳಿದರು. "ಹಾಡು ಯಾವಾಗ ಚಾಲೂ ಆಕ್ಕೈತಿ ಅಂತ ಕುಂತಿದ್ದೆ. ಮುಗದ ಹೋತು," ಎಂದರು. ಆದರೂ ಬೇಡ ಅನ್ನಲಿಲ್ಲ. "ಸುಭಾಸನ ಗಂಟಲಾ ಸುದ್ದ ಆಗೂತನಾ ಬಾರಸ್ಕೋರಿ. ಆಮ್ಯಾಲ ನಮ್ಮ ಪಾರ್ಟಿ ಮೊದಲಿನಂಗ ನಡೀಬೇಕು ಮತ್ತ. ಮಾತಂದ್ರ ಮಾತು."

ಮೂವರೂ ಹೂಂ ಅಂದರು. ಆಗ ಅದು ಬಹಳ ದೂರದ ಮಾತಾಗಿತ್ತು.

ಥರ್ಡ್ ಗೇರ್ ಹೆಸರಾದದ್ದು ಮಿಶ್ರಿಕೋಟಿಯ ಈರಪ್ಪನವರ ಮಗಳ ಲಗ್ನದಲ್ಲಿ, ಒಂದು ದೊಡ್ಡ ಅನಾಹುತದಿಂದ. ಮುಹೂರ್ತ ಹನ್ನೆರಡೂ ಮೂವತ್ತೈದಕ್ಕೆ. ಬೀಗರ ಗಾಡಿ ಪಂಕ್ಚರ್ ಆಗಿ ಹಾದಿಯಲ್ಲೇ ನಿಂತಿತ್ತು. ಪೆಂಡಾಲಿನ ತುಂಬ ಜನ, ಎಲ್ಲರ ಮುಷ್ಟಿಯಲ್ಲೂ ಆಗಲೇ ಹಂಚಿಬಿಟ್ಟಿದ್ದ ಅಕ್ಕಿಕಾಳು. ಪಾರ್ಟಿಯ ಜೊತೆ ಬಂದಿದ್ದ ಈ ಮೂವರ ಹತ್ತಿರ ಈರಪ್ಪ ಓಡಿ ಬಂದು, "ಮಂದಿ ಏಳದಂಗ ಸಣ್ಣಗ ಏನರ ಬಾರಿಸ್ತಿರ್ರಿ," ಎಂದರು. ಸಣ್ಣಗೆ ಎಂದರೆ ಇವರ ಹತ್ತಿರ ಇದ್ದದ್ದು ಆ ಬಸ್ಸಿನ ಬಾರಿಸಾಟ ಒಂದೇ.

ಶುರುಮಾಡಿದರು. ಗುಸುಗುಸು ಮಾತು ಮೆಲ್ಲಗೆ ನಿಂತಿತು. ಐದು ನಿಮಿಷಕ್ಕೆ ಅಡುಗೆಯವರು ಸೌಟು ಹಿಡಿದು ಹೊರಗೆ ಬಂದರು. ಎಂಟು ನಿಮಿಷಕ್ಕೆ ಬಸ್ಸು ಏರಿನ ನಡುವೆ ಇತ್ತು. ಈಗ ನಮ್ಮ ಕಡೆ ಲಗ್ನದ ರೂಢಿ ಗೊತ್ತಲ್ಲ, ವಾದ್ಯ ಜೋರಾಯಿತೆಂದರೆ ತಾಳಿ ಕಟ್ಟಿದರು ಎಂದೇ ಲೆಕ್ಕ, ಕೈ ತಾನಾಗಿ ಮೇಲೇಳುತ್ತದೆ. ಸುಮಂಗಲಾ ಕಣ್ಣುಮುಚ್ಚಿ ಎರಡೂ ಕೋಲು ಬೀಸಿದಳು, ಸಾಧಿಕ್ ಎಕೋ ಪೂರ್ತಿ ತಿರುವಿದ, ಪೆಂಡಾಲಿನ ನಾಲ್ಕೂ ದಿಕ್ಕಿನಿಂದ ಅಕ್ಕಿಕಾಳು ಮಳೆ ಬಿದ್ದ ಹಾಗೆ ಬಿತ್ತು. ವೇದಿಕೆಯ ಮೇಲೆ ಮದುಮಗ ಇಲ್ಲ, ಮದುಮಗಳಿಲ್ಲ. ಕ್ಯಾಮೆರಾ ಸ್ಟ್ಯಾಂಡು ಸರಿಮಾಡುತ್ತಿದ್ದ ವಿಡಿಯೋದ ಕುತುಬುದ್ದೀನ ಒಬ್ಬನೇ ಇದ್ದ. ನಲವತ್ತೊಂದು ವಯಸ್ಸು, ಇನ್ನೂ ಲಗ್ನವಿಲ್ಲ. ಊರ ಮಂದಿಯೆಲ್ಲ ಅವನ ತಲೆಯ ಮೇಲೆ ಅಕ್ಕಿ ಹಾಕಿತು.

"ಏನ ಮಾಡಿದ್ರಿ ಇದು!" ಎಂದು ಈರಪ್ಪ ತಲೆಯ ಮೇಲೆ ಕೈ ಹೊತ್ತರು. "ಮಂತ್ರ ಇಲ್ಲ, ತಾಳಿ ಇಲ್ಲ. ಮತ್ತ ಅಕ್ಕಿ ಎಲ್ಲಿಂದ ತರ್ಲಿ?"

ಹೆಂಗಸರು ಒಳಗೆ ಓಡಿ ಇನ್ನೊಂದು ಬುಟ್ಟಿ ಅಕ್ಕಿಗೆ ಅರಿಶಿಣ ಹಚ್ಚಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಮಾತ್ರ ಜಗಳಕ್ಕೇ ನಿಂತಳು. "ಯಾಕ ಬೈತಿಯೋ ಈರಪ್ಪ ಅವರಿಗೆ? ನನ್ನ ಕೈ ತಾನ ಎದ್ತು. ಎಂಟು ವರ್ಷ ಆತು ಆ ಕೈ ಭುಜಕ್ಕಿಂತ ಮ್ಯಾಲ ಎದ್ದಿದ್ದಿಲ್ಲ."

ಕುತುಬುದ್ದೀನನ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಆ ವಿಡಿಯೋ ಫೋನಿನಿಂದ ಫೋನಿಗೆ ಹಾರಿ ಮೊದಲು ತಾಲ್ಲೂಕು, ಆಮೇಲೆ ಜಿಲ್ಲೆ, ಆಮೇಲೆ ಎಲ್ಲಿಗೋ ಹೋಯಿತು. ಜನ ಮೊದಲ ಸಲ ನಗುವುದಕ್ಕೆ ನೋಡಿದರು, ಎರಡನೆಯ ಸಲ ಬಾರಿಸಾಟ ಕೇಳುವುದಕ್ಕೆ. ಧಾರವಾಡದ ಒಬ್ಬ ಹುಡುಗ ಕೆಳಗೆ ಬರೆದ, ಹಾಡಿಲ್ಲದೆ ವಾದ್ಯದಲ್ಲೇ ಬೆಳೆಯುವ ಇಂಥ ಸಂಗೀತಕ್ಕೆ ಪೋಸ್ಟ್-ರಾಕ್ ಅಂತಾರೆ, ಇವರಿಗೆ ಗೊತ್ತೋ ಇಲ್ಲವೋ. ಇವರಿಗೆ ಗೊತ್ತಿರಲಿಲ್ಲ. ಸುಮಂಗಲಾ ಓದಿ ಹೇಳಿದಾಗ ಸಾಧಿಕ್, "ಇರ್ಲಿ ಬಿಡ್ರಿ ಟೀಚರ್, ಹೆಸರರ ಒಂದು ಸಿಕ್ತು," ಎಂದ.

ಕರೆ ಬರತೊಡಗಿದವು. ಅಳ್ನಾವರದ ಕಾಲೇಜು, ಹುಬ್ಬಳ್ಳಿಯ ಒಂದು ಸಭಾಂಗಣ. ಹೋದಲ್ಲೆಲ್ಲ ಮುಂದೆ ಕೆಂಪು ಕರವಸ್ತ್ರದ ಮೈಕು ನಿಲ್ಲುತ್ತಿತ್ತು. ಪೇಟೆಯ ಹುಡುಗರು ಅದನ್ನೂ ತಂಡದ ಒಂದು ಕಲೆಯೆಂದು ತಿಳಿದು ಫೋಟೋ ಹೊಡೆದುಕೊಂಡರು.

ದಸರೆಗೆ ಸುಭಾಸ ಹುಬ್ಬಳ್ಳಿ ಡಾಕ್ಟರ ಹತ್ತಿರ ಹೋದ. ಮತ್ತೆ ಕೊಳವೆ, ಮತ್ತೆ ಲೈಟು. "ಚೊಕ್ಕ ಆಗೈತಿ. ಹಾಡ್ರಿ ಇನ್ನ, ಆದ್ರ ಹದದಾಗ," ಎಂದರು ಡಾಕ್ಟರು. ಹೊರಗೆ ಬಂದು ಚಹಾ ಕುಡಿದ. ಕುಣಿದಾಡಬೇಕಿತ್ತು, ಇನ್ನೊಂದು ಚಹಾ ಹೇಳಿದ. ಬೈಕು ಹತ್ತಿ, ಹೆಲ್ಮೆಟ್ಟು ಹಾಕಿಕೊಂಡು, ಊರು ದಾಟಿದ ಮೇಲೆ ಮೆಲ್ಲಗೆ ಒಂದು ಸಾಲು ಹಾಡಿ ನೋಡಿದ. ದನಿ ಇತ್ತು. ಮಿಶ್ರಿಕೋಟಿ ಕ್ರಾಸಿನ ತನಕ ಹಾಡುತ್ತಲೇ ಬಂದ, ಕ್ರಾಸಿನಲ್ಲಿ ಬಾಯಿ ಮುಚ್ಚಿದ.

"ಏನಂದ್ರು ಡಾಕ್ಟರು?" ಎಂದರು ದಾವೂದಸಾಬರು.

"ಇನ್ನೂ ನೋಡೂಣು ಅಂದ್ರು ಕಾಕಾ," ಎಂದ ಸುಭಾಸ, ಪಿಸುದನಿಯಲ್ಲಿ.

ನಿಜ ಹೇಳಿದರೆ ಥರ್ಡ್ ಗೇರ್ ಅಲ್ಲಿಗೆ ಮುಗಿಯಿತು. ಹೇಳದಿದ್ದರೆ, ತನಗಾಗಿ ಮೂರು ಮಂದಿ ಹಾಡುಗಾರರನ್ನು ಬಾಗಿಲಿಂದ ತಿರುಗಿ ಕಳಿಸಿದ ಮನುಷ್ಯನಿಗೆ ಮೋಸ. ದಿನಕ್ಕೊಮ್ಮೆ ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತ ಮೂರು ತಿಂಗಳು ಪಿಸುದನಿಯಲ್ಲೇ ಕಳೆದ. ಬೈಕಿನ ಮೇಲೆ ಮಾತ್ರ ಹಾಡುತ್ತಿದ್ದ.

ಜನವರಿಯಲ್ಲಿ ಧಾರವಾಡದಿಂದ ಕರೆ ಬಂತು. ಮೂರು ರಾಜ್ಯದ ತಂಡಗಳು ಬರುವ ದೊಡ್ಡ ಕಾರ್ಯಕ್ರಮ, ಸಂಜೆ ಆರಕ್ಕೆ ಇವರ ಸರದಿ. ಅವತ್ತು ಬೆಳಿಗ್ಗೆ ದಾವೂದಸಾಬರ ಮನೆಯ ಮುಂದೆ ಟೆಂಪೋಕ್ಕೆ ಸಾಮಾನು ಏರುತ್ತಿತ್ತು. ಡ್ರಮ್ಮು ಹೋಯಿತು, ಸ್ಪೀಕರು ಹೋಯಿತು. ಕಡೆಗೆ ದಾವೂದಸಾಬರು ಮೈಕಿನ ಸ್ಟ್ಯಾಂಡು ತಂದು, ಕಟ್ಟೆಯ ಮೇಲೆ ಕೂತು, ಹೆಗಲ ಟವೆಲ್ಲಿನಿಂದ ಮೇಲಿನಿಂದ ಕೆಳತನಕ ಒರೆಸಿದರು. ಕರವಸ್ತ್ರ ಬಿಚ್ಚಿ ಒಗೆದದ್ದೊಂದು ಕಟ್ಟಿದರು.

"ಧಾರವಾಡದಾಗೂ ನಿನ್ನ ಜಾಗಾ ನಿನಗ ಇರ್ಲಿ," ಎಂದರು.

ಸುಭಾಸನಿಗೆ ತಡೆಯಲಾಗಲಿಲ್ಲ. "ಕಾಕಾ, ನನ್ನ ಗಂಟಲಾ ಚಲೋ ಆಗೈತಿ." ಪಿಸುದನಿಯಲ್ಲ, ತುಂಬು ದನಿ. "ದಸರಾದಾಗನ ಆಗೈತಿ."

ದಾವೂದಸಾಬರ ಕೈ ಕರವಸ್ತ್ರದ ಮೇಲೇ ನಿಂತಿತು. ಸಾಧಿಕ್ ವೈರು ಸುತ್ತುವುದರಲ್ಲಿ ಮುಳುಗಿದ. ಸುಮಂಗಲಾ ಟೆಂಪೋದ ಚಕ್ರ ನೋಡತೊಡಗಿದಳು.

"ನನಗ ಗೊತ್ತಿತ್ರಿ ಕಾಕಾ," ಎಂದಳು ಕಡೆಗೆ. "ಸಾಲಿಯಿಂದ ಇವರ ಬೈಕಿನ ಮ್ಯಾಲ ಬರ್ತೇನಲ್ರಿ. ಹೆಲ್ಮೆಟ್ಟಿನಾಗ ಹಾಡಿದ್ರ ಹಿಂದ ಕುಂತವ್ರಿಗೆ ಕೇಳೂದಿಲ್ಲ ಅಂತ ತಿಳಕೊಂಡಾರ."

ದಾವೂದಸಾಬರು ಮಗನ ಕಡೆ ನೋಡಿದರು.

"ನನಗ ಟೀಚರ್ ಹೇಳಿದ್ರು," ಎಂದ ಸಾಧಿಕ್.

"ಅಂದ್ರ ಇಡೀ ಪಾರ್ಟ್ಯಾಗ ಮಂಗ್ಯಾ ಆದಾಂವ ನಾ ಒಬ್ಬನ." ದನಿಯಲ್ಲಿ ಸಿಟ್ಟಿಗಿಂತ ದಣಿವು ಇತ್ತು. "ಯಾಕಲೇ ಸುಭಾಸ? ನಾ ಏನ ಕಡಿಮಿ ಮಾಡಿದ್ದೆ ನಿನಗ?"

"ಏನೂ ಕಡಿಮಿ ಮಾಡಿಲ್ರಿ. ಅದಕ್ಕ ಹೇಳಾಕ ಬಾಯಿ ಬರಲಿಲ್ಲ. ನಾ ಹಾಡಾಕ ನಿಂತ್ರ ಇದು ನಿಂದರ್ತೈತಿ ಕಾಕಾ. ಹಾಡೂ ಮುಂದ ಮಂದಿ ನನ್ನ ಮಾರಿ ನೋಡ್ತಿದ್ರು. ಇದನ್ನ ಬಾರ್ಸೂ ಮುಂದ ಯಾರೂ ನನ್ನ ನೋಡೂದಿಲ್ಲ. ಎಲ್ಲಾರೂ ತಮ್ಮ ತಮ್ಮದ ಏನೋ ನೋಡ್ಕೋತ ಕುಂತಿರ್ತಾರ. ನನಗ ಅದ ಸೇರೇತಿ." ಒಂದು ಉಸಿರು ತೆಗೆದುಕೊಂಡ. "ಮಾತು ಕೊಟ್ಟೇನಿ. ನೀವು ಹಾಡು ಅಂದ್ರ ನಾಳಿಂದ ಹಾಡ್ತೇನಿ."

"ನಾಳಿಂದ ಯಾಕ? ಈಗ ಹಾಡು. ಒಂದೂವರಿ ವರ್ಷ ಕಾದೇನಿ."

ಸುಭಾಸ ಅಲ್ಲೇ ನಿಂತು, ಮೈಕಿಲ್ಲದೆ, ದಾವೂದಸಾಬರಿಗೆ ಇಷ್ಟವಾದ ಒಂದು ಹಳೆಯ ಹಾಡು ಹಾಡಿದ. ಎದುರು ಮನೆಯ ಕಿಟಕಿ ತೆರೆಯಿತು. ಟೆಂಪೋ ಡ್ರೈವರ್ ಬೀಡಿ ಕೆಳಗೆ ಹಿಡಿದ. ದಾವೂದಸಾಬರು ನೆಲ ನೋಡುತ್ತ, ತೊಡೆಯ ಮೇಲೆ ಒಂದು ಬೆರಳಿನಿಂದ ತಾಳ ಹಾಕುತ್ತ ಪೂರ್ತಿ ಕೇಳಿದರು. ಮುಗಿದ ಮೇಲೂ ಬೆರಳು ಎರಡು ಸಲ ಆಡಿತು.

"ಮೊದಲಿನಷ್ಟ ಇಲ್ಲ," ಎಂದರು.

"ಹೌದ್ರಿ?"

"ಮೊದಲಿನಂಗ ಇದ್ದಿದ್ರ ನಾ ನಿನ್ನ ಬಿಡ್ತಿದ್ದಿಲ್ಲ. ಈ ದನಿ ನಮ್ಮ ಪಾರ್ಟಿಗೆ ನಡೆಯೂದಿಲ್ಲ. ಹೋಗು, ಆ ಗಿಟಾರನ ಬಾರಸ್ಕೋ ಹೋಗು."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಯಾಕ ಸುಳ್ಳ ಹೇಳ್ತೀರಿ?" ಎಂದಳು ಅವರ ಹೆಂಡತಿ ಫಾತಿಮಾಬಿ. "ಮೊದಲಿಗಿಂತ ಚಲೋ ಐತಿ."

"ನೀ ಸುಮ್ಮಕ ರೊಟ್ಟಿ ಬಡಿ," ಎಂದರು ದಾವೂದಸಾಬರು. ಆಮೇಲೆ ಯಾರ ಮುಖವನ್ನೂ ನೋಡದೆ ಕರವಸ್ತ್ರದ ಗಂಟು ಬಿಚ್ಚಿದರು. ಗಟ್ಟಿಯಾಗಿ ಕಟ್ಟಿದ್ದ ಗಂಟು, ಹಲ್ಲು ಹಚ್ಚಬೇಕಾಯಿತು. ಫೋನು ತೆಗೆದು, ಕಣ್ಣಿಗೆ ದೂರ ಹಿಡಿದು ನಂಬರು ಹುಡುಕಿದರು.

"ಯಾರಿಗೆ ಹಚ್ಚಾಕತ್ತಿ ಅಬ್ಬಾ?" ಎಂದ ಸಾಧಿಕ್.

"ಬಸ್ ಸ್ಟ್ಯಾಂಡ್ ಹಿಂದಿನ ಐಶ್ವರ್ಯ ಅಂತ ಒಬ್ಬಾಕಿ ಹುಡುಗಿ ಅದಾಳ. ಮೂರು ಸಲ ಬಂದು ಹೋಗ್ಯಾಳ. ಚಲೋ ಹಾಡ್ತಾಳ. ಸುಭಾಸ ಬರ್ತಾನ, ಜಾಗಾ ಇಲ್ಲ ಅಂತ ಕಳಿಸಿದ್ದೆ." ಅಷ್ಟರಲ್ಲಿ ಆ ಕಡೆಯಿಂದ ಯಾರೋ ಎತ್ತಿದರು. "ಹಲೋ, ಐಶ್ವರ್ಯ ಏನವಾ? ನಾ ದಾವೂದಸಾಬ. ಹಾಂ, ಬ್ಯಾಂಜೋ ಪಾರ್ಟಿ. ಸೋಮವಾರ ಬಾರವಾ. ಜಾಗಾ ಆಗೈತಿ."

ಫೋನು ಕಿಸೆಗೆ ಹಾಕಿ, ಮೈಕಿನ ಸ್ಟ್ಯಾಂಡನ್ನು ಎತ್ತಿಕೊಂಡು ಹೋಗಿ ಖೋಲಿಯೊಳಗೆ ಗೋಡೆಗೆ ಒರಗಿಸಿ ಬಂದರು. ಸುಭಾಸ ಕಾಲು ಮುಟ್ಟಲು ಬಗ್ಗಿದರೆ ಹಿಂದೆ ಸರಿದರು. "ಆ ನಾಟಕ ಬ್ಯಾಡ. ಇನ್ನೂ ನನ್ನ ಸಿಟ್ಟು ಹೋಗಿಲ್ಲ," ಎಂದು ಹೇಳಿ, ಟೆಂಪೋದ ಮುಂದಿನ ಸೀಟು ಹತ್ತಿ ಬಾಗಿಲು ಎಳೆದುಕೊಂಡರು. "ಹೋಗೂಣು ನಡ್ರಿ. ಮೂವರೂ ಹಿಂದ ಸಾಮಾನಿನ ಬಾಜು ಕುಂದರ್ರಿ. ಹಾಡೂದೂ ಇಲ್ಲ, ಮಾತಾಡೂದೂ ಇಲ್ಲ, ಧಾರವಾಡ ಮುಟ್ಟೂತನಾ."