ಓದಿದ್ದಲ್ಲ, ಯೋಚಿಸಿದ್ದು

“ಹಾಗಾದ್ರೆ ಇಷ್ಟು ವರ್ಷ ನಾವು ಇಲ್ಲಿ ಕೂತು ಮಾಡಿದ್ದೇನು?” ಎಂದು ವಿಜ್ಞಾನದ ಮೇಷ್ಟ್ರು ಕೇಳಿದರು.

ಶಾಲೆ ಬಿಟ್ಟು ಮಕ್ಕಳೆಲ್ಲ ಹೋಗಿದ್ದರು. ಪ್ರಯೋಗಾಲಯದ ಕಲ್ಲಿನ ಮೇಜಿನ ಆಚೆ ನಿಂತು, ಈಗಷ್ಟೇ ಮದುವೆಯ ಮಾತೆತ್ತಿ ಬೇಡ ಎನ್ನಿಸಿಕೊಂಡ ಅವರು ಒಂದು ಗಾಜಿನ ನಳಿಗೆಯನ್ನು ಒರೆಸಿದ್ದೇ ಒರೆಸುತ್ತಿದ್ದರು. ಈಚೆ ಗಣಿತದ ಟೀಚರ್ ಕೂತಿದ್ದಳು. ದಿನಾ ಸಂಜೆ ಇಬ್ಬರಿಗೂ ಇಲ್ಲೇ ಜಟಾಪಟಿ: ಎಣಿಸುವವರೇ ಇಲ್ಲದಿದ್ದರೂ ಸಂಖ್ಯೆ ಇರುತ್ತದೆಯೇ, ಕತ್ತಲು ಎಂಬುದೊಂದು ಇದೆಯೋ ಬರೀ ಬೆಳಕಿನ ಗೈರುಹಾಜರಿಯೋ. ಅವರು ಪುಸ್ತಕದ ಆಧಾರ ಕೊಟ್ಟರೆ, “ಪುಸ್ತಕ ಇರ್ಲಿ, ನಿಮಗೇನನ್ಸುತ್ತೆ?” ಎನ್ನುತ್ತಿದ್ದಳು. ಮನೆಯಲ್ಲಿ ಅವಳು ಮದುವೆಯಾಗದ ಮಗಳು, ಬೀದಿಯಲ್ಲಿ ಅಯ್ಯೋ ಪಾಪ ಎನ್ನಿಸಿಕೊಳ್ಳುವ ಹೆಂಗಸು. ಈ ಮೇಜಿನ ಎದುರಷ್ಟೇ ಅವಳು ಅವಳಾಗಿರುತ್ತಿದ್ದಳು.

“ಮಾತಾಡ್ತಿದ್ವಿ,” ಎಂದಳು.

“ಬರೀ ಮಾತಾ?”

“ಬರೀ ಅಂದ್ರೆ? ನನ್ನ ಹತ್ರ ಇರೋದೇ ಅದು. ಬೇರೆ ಯಾರಿಗೂ ಕೊಟ್ಟಿಲ್ಲ.”

ಅವರ ಮುಖದಲ್ಲಿ ಆಸೆ ಚಿಗುರಿತು. “ಅದಕ್ಕೇ ಅಲ್ವಾ ಪ್ರೀತಿ ಅನ್ನೋದು?”

“ಅಲ್ಲ. ನಂಗೆ ಯಾರ ಮೇಲೂ ಹಾಗನ್ಸಿಲ್ಲ. ಗಂಡಸು, ಹೆಂಗಸು, ಯಾರ ಮೇಲೂ. ಕಾದು ನೋಡಿದೀನಿ, ನನ್ನನ್ನೇ ಅನುಮಾನಿಸಿ ನೋಡಿದೀನಿ. ಯಾವ ದಾರೀಲಿ ಲೆಕ್ಕ ಮಾಡಿದ್ರೂ ಅದೇ ಉತ್ತರ ಬಂದ್ರೆ ಒಪ್ಕೋಬೇಕಲ್ವಾ?”

“ಇದನ್ನೆಲ್ಲ ಎಲ್ಲಿ ಓದಿದ್ರಿ?”

ಅವಳು ತಲೆಯೆತ್ತಿ ಅವರನ್ನೇ ನೋಡಿದಳು. ಅಕ್ಕ ಕೇಳಿದ್ದೂ ಇದನ್ನೇ, ಅಕ್ಕ ಅವಳನ್ನು ಕರೆದೊಯ್ದು ತೋರಿಸಿದ ಡಾಕ್ಟರು ಕೇಳಿದ್ದೂ ಇದನ್ನೇ. ಇವರೊಬ್ಬರು ಕೇಳಲಾರರು ಎಂದುಕೊಂಡಿದ್ದಳು.

“ಓದಿದ್ದಲ್ಲ. ಯೋಚಿಸಿದ್ದು.”

ಅವರು ನಳಿಗೆಯನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. “ನಾಳೆಯಿಂದ ನಾನು ಬೇಗ ಹೊರಡ್ತೀನಿ. ಎದುರಿಗೆ ಕೂತ್ರೆ ಕಷ್ಟ ಆಗುತ್ತೆ.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ವಾದಿಸಬಹುದಿತ್ತು.

ಮನೆಗೆ ಬಂದಾಗ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಮಗಳ ಮುಖ ನೋಡಿದ್ದೇ ತಡ, “ಏನಾಯ್ತೇ?” ಎಂದಳು.

“ವಿಜ್ಞಾನದ ಮೇಷ್ಟ್ರು ಮದುವೆ ಆಗೋಣ ಅಂದ್ರು. ನಾನು...”

ಮುಂದಿನದಕ್ಕೆ ಅಮ್ಮ ಕಾಯಲಿಲ್ಲ. ಒದ್ದೆ ಕೈಯಲ್ಲೇ ಅವಳ ಕೆನ್ನೆ ಹಿಡಿದು, “ಅಷ್ಟೊಂದು ಮಾತಾಡೋರು ಸುಮ್‌ಸುಮ್ನೆ ಮಾತಾಡಲ್ಲ ಅಂತ ನಂಗೊತ್ತಿತ್ತು ಕಣೇ,” ಎಂದವಳೇ ಪಕ್ಕದ ಮನೆಗೆ ಓಡಿದಳು. ಮಂಡಿನೋವು ಶುರುವಾದ ಮೇಲೆ ಅಮ್ಮ ಓಡಿದ್ದನ್ನು ಅವಳು ನೋಡಿರಲಿಲ್ಲ.

ಕರೆಯಲು ಬಾಯಿ ತೆರೆದು ಹಾಗೇ ನಿಂತಳು. ಕೆನ್ನೆಯ ಮೇಲಿನ ನೀರು ಕುತ್ತಿಗೆಗೆ ಇಳಿಯಿತು. ನಡುವಿನ ಗೋಡೆ ತೆಳುವಾಗಿತ್ತು. ಆ ಕಡೆ ಯಾರೋ ಕುರ್ಚಿ ಎಳೆದು ಹಾಕಿದರು, ಅಮ್ಮ ಗಟ್ಟಿಯಾಗಿ ನಗುತ್ತಿದ್ದಳು.